‘ಸರ್ವರ್ ಇಲ್ರೀ’ ಅಂದ್ರೆ ಏನು?

ರೋಣ, ನರಗುಂದ, ಗಜೇಂದ್ರಗಡದ ಕಡೆ ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಅನ್ನೋ ಮಾತು ಯಾರು ಕೇಳಿಲ್ಲ ಹೇಳಿ? ಎಷ್ಟೋ ಸಲ ಸರ್ವರ್ ನೆಟ್ಟಗೇ ಇರುತ್ತೆ. ತುಂಡಾಗಿರುವುದು ರಸ್ತೆ ಬದಿಯ ಫೈಬರ್ ಕೇಬಲ್. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ ಅದು. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಈಗ ಭಾರತ್‌ನೆಟ್ ಎನ್ನುವ ಯೋಜನೆ ಗ್ರಾಮ ಪಂಚಾಯಿತಿಗಳನ್ನು ಜೋಡಿಸಹೊರಟಿದ್ದು ಇದರಿಂದಲೇ.

ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ಒಟಿಡಿಆರ್ ಎಂಬ ಯಂತ್ರದಿಂದ ಕೇಬಲ್ಲಿಗೆ ಬೆಳಕು ಬಿಡುತ್ತಾರೆ. ಗಾಜಿನೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುವ ಬೆಳಕು ತುಂಡಾದ ಜಾಗದಿಂದ ವಾಪಸ್ ಬರುತ್ತೆ. ಹೋಗಿಬರಲು ಸೆಕೆಂಡಿನ 20 ಸಾವಿರದಲ್ಲಿ ಒಂದು ಪಾಲು ಹಿಡಿದರೆ, ತುಂಡಾಗಿದ್ದು 5 ಕಿಲೋಮೀಟರ್ ಆಚೆ.

ಆದರೆ ಯಂತ್ರ ಹೇಳೋದು ಕೇಬಲ್ಲಿನ ಉದ್ದ, ರಸ್ತೆಯ ಉದ್ದವಲ್ಲ. ಚೇಂಬರಿನಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲಿನ ಲೆಕ್ಕ ಬರೆದಿಡದಿದ್ದರೆ ಬೇರೆಲ್ಲೋ ಗುಂಡಿ ತೋಡಬೇಕಾಗುತ್ತೆ. ಮಳೆಗಾಲದ ಎರಿ ಮಣ್ಣಿನಲ್ಲಿ ಆ ಕಷ್ಟ ನಿಮಗೇ ಗೊತ್ತು.

ಅದಕ್ಕೇ ಜೆಸಿಬಿ ಇಳಿಸೋ ಮೊದಲು ಒಂದು ಮಾತು ಕೇಳಿ. 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದ್ದೇ ಇದಕ್ಕೆ. ಯಾರದೋ ಪೈಪಿನ ಗುಂಡಿಗೆ ಯಾವುದೋ ಅಜ್ಜಿಯ ಪಿಂಚಣಿ ಅರ್ಜಿ ನಿಲ್ಲಬೇಕಾ?