ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಅಪಧಮನಿಯ ಮರುಜೋಡಣೆ ಮತ್ತು ಅನುಭವದ ಬೆಲೆ

ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಪಚನರಸವನ್ನೂ ಇನ್ಸುಲಿನ್ನನ್ನೂ ಸ್ರವಿಸುವ ಅಂಗ. ಇಲ್ಲಿ ತಲೆದೋರುವ ಕ್ಯಾನ್ಸರ್ ಆರಂಭದಲ್ಲಿ ಸ್ಪಷ್ಟ ಲಕ್ಷಣಗಳನ್ನು ತೋರುವುದು ವಿರಳ. ಆದ್ದರಿಂದ ರೋಗ ಪತ್ತೆಯಾದಾಗ ಶಸ್ತ್ರಚಿಕಿತ್ಸೆಗೆ ಅರ್ಹರಾಗಿರುವವರು ನೂರಕ್ಕೆ ಸುಮಾರು 15ರಿಂದ 20 ಮಂದಿ ಮಾತ್ರ. ಉಳಿದವರಲ್ಲಿ ಹಲವರಿಗೆ ರೋಗವು ದೂರದ ಅಂಗಗಳಿಗೆ ಹರಡಿರುವುದಿಲ್ಲ. ಆದರೆ ಗೆಡ್ಡೆಯು ಕರುಳಿಗೂ ಯಕೃತ್ತಿಗೂ ರಕ್ತ ಒಯ್ಯುವ ಅಪಧಮನಿಗಳನ್ನು ಸುತ್ತುವರಿದಿರುತ್ತದೆ. ‘ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ’ ಎಂಬುದೇ ಇಂಥವರಿಗೆ ದಶಕಗಳ ಕಾಲ ದೊರೆತ ಉತ್ತರ.

ಹಿನ್ನೆಲೆ

ನ್ಯೂಯಾರ್ಕ್‌ನ ಡಾ. ಜೋಸೆಫ್ ಫೋರ್ಟ್ನರ್ 1973ರಲ್ಲಿ ಗ್ರಂಥಿಯೊಂದಿಗೆ ರಕ್ತನಾಳವನ್ನೂ ಕತ್ತರಿಸಿ ಮರುಜೋಡಿಸುವ ವಿಧಾನವನ್ನು ಮಂಡಿಸಿದರು. ಆದರೆ ಅಪಧಮನಿಯನ್ನು ಮುಟ್ಟಿದ ಶಸ್ತ್ರಚಿಕಿತ್ಸೆಗಳಲ್ಲಿ ಸಾವಿನ ಪ್ರಮಾಣ ಅಧಿಕವಾಗಿದ್ದುದರಿಂದ ಹೆಚ್ಚಿನ ವೈದ್ಯರು ಅದರಿಂದ ದೂರ ಸರಿದರು. 2011ರಲ್ಲಿ ಫ್ರಾನ್ಸ್‌ನ ವೈದ್ಯರು ‘ಫೋಲ್ಫಿರಿನಾಕ್ಸ್’ ಎಂಬ ಔಷಧ ಸಂಯೋಜನೆಯ ಫಲಿತಾಂಶವನ್ನು ಪ್ರಕಟಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಮೊದಲು ಹಲವು ತಿಂಗಳು ಕೀಮೋಥೆರಪಿ ನೀಡಿ, ರೋಗ ಹತೋಟಿಗೆ ಬಂದವರನ್ನಷ್ಟೇ ಶಸ್ತ್ರಚಿಕಿತ್ಸೆಗೆ ಆಯ್ದುಕೊಳ್ಳಲಾಗುತ್ತದೆ.

ವಿಧಾನ

ಗೆಡ್ಡೆಯು ಅಪಧಮನಿಯ ಹೊರಪದರಕ್ಕೆ ಮಾತ್ರ ಅಂಟಿದ್ದರೆ ನಾಳವನ್ನು ಉಳಿಸಿ ಸುತ್ತಲಿನ ಅಂಗಾಂಶವನ್ನು ಸುಲಿದು ತೆಗೆಯಲಾಗುತ್ತದೆ. ಗೋಡೆಯೊಳಗೇ ಬೇರೂರಿದ್ದರೆ ಆ ಭಾಗವನ್ನು ಕತ್ತರಿಸಿ, ತುದಿಗಳನ್ನು ಹೊಲಿಯಲಾಗುತ್ತದೆ. ಅಂತರ ಹೆಚ್ಚಿದ್ದರೆ ರೋಗಿಯ ದೇಹದ ಬೇರೊಂದು ರಕ್ತನಾಳದ ತುಂಡನ್ನು ನಡುವೆ ಕೂಡಿಸಲಾಗುತ್ತದೆ. ಉಳಿದ ಗ್ರಂಥಿಯಿಂದ ಪಚನರಸ ಸೋರಿದರೆ ಹೊಸ ಜೋಡಣೆ ಕೊರೆದು ಪ್ರಾಣಾಪಾಯಕರ ರಕ್ತಸ್ರಾವವಾಗಬಹುದು. ಇದನ್ನು ತಪ್ಪಿಸಲು ಕೆಲವೊಮ್ಮೆ ಇಡೀ ಗ್ರಂಥಿಯನ್ನೇ ತೆಗೆಯುತ್ತಾರೆ. ಅಂಥ ರೋಗಿಯು ಜೀವನಪರ್ಯಂತ ಇನ್ಸುಲಿನ್ ಹಾಗೂ ಪಚನಕಿಣ್ವಗಳನ್ನು ಅವಲಂಬಿಸಬೇಕಾಗುತ್ತದೆ.

ಹೈಡೆಲ್‌ಬರ್ಗ್‌ನ ಪಾಠ

ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಯು 2003ರಿಂದ 2019ರವರೆಗಿನ ಇಂಥ 385 ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ಪ್ರಕಟಿಸಿದೆ. ಅವುಗಳಲ್ಲಿ 195ರಲ್ಲಿ ಅಪಧಮನಿಯನ್ನು ಕತ್ತರಿಸಲಾಗಿತ್ತು. 190ರಲ್ಲಿ ಸುಲಿದು ಉಳಿಸಲಾಗಿತ್ತು. ಆಸ್ಪತ್ರೆಯಲ್ಲೇ ಮೃತಪಟ್ಟವರ ಪ್ರಮಾಣ ಒಟ್ಟಾರೆ ಶೇ. 8.8, 2013ರ ನಂತರ ಅದು ಶೇ. 4.8ಕ್ಕೆ ಇಳಿಯಿತು. ಅಪಧಮನಿ ಕತ್ತರಿಸುವ ಕೆಲಸದಲ್ಲಿ ಒಬ್ಬ ವೈದ್ಯನ ಕೈ ಪಳಗಲು ಸುಮಾರು 15 ಶಸ್ತ್ರಚಿಕಿತ್ಸೆಗಳು ಬೇಕಾದವು ಎಂಬುದು ಅಲ್ಲಿನ ತಜ್ಞರ ನಿರ್ಣಯ.

ಕುಶಲತೆಯು ಪುನರಾವರ್ತನೆಯಿಂದಲೇ ಸಿದ್ಧಿಸುತ್ತದೆ ಎಂಬುದು ಉದ್ಯಮಿಗಳಿಗೆ ಹೊಸ ಮಾತಲ್ಲ. ಆದರೆ ಇಲ್ಲಿ ಕಲಿಕೆಯ ವೆಚ್ಚವನ್ನು ತೆರುವವನು ರೋಗಿ. ಇಂಥ ಶಸ್ತ್ರಚಿಕಿತ್ಸೆಗಳನ್ನು ಅಪರೂಪಕ್ಕೊಮ್ಮೆ ಮಾಡುವ ಆಸ್ಪತ್ರೆಯು ರೋಗಿಯನ್ನು ಅನುಭವಿ ಕೇಂದ್ರಕ್ಕೆ ಕಳುಹಿಸುವುದು ಅದರ ಹಿರಿಮೆಗೆ ಕುಂದಲ್ಲ. ಕುಟುಂಬದವರಾದರೂ ಆಸ್ಪತ್ರೆಯ ಯಂತ್ರೋಪಕರಣಗಳ ಬಗ್ಗೆ ವಿಚಾರಿಸುವ ಮೊದಲು, ಈ ವೈದ್ಯತಂಡ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದೆ, ಎಷ್ಟು ಮಂದಿ ಚೇತರಿಸಿಕೊಂಡು ಮನೆಗೆ ಮರಳಿದ್ದಾರೆ ಎಂದು ಕೇಳುವುದು ವಿವೇಕ.