ಹರಕೆಯಿಂದ ಒಂದಾದ ಬೆಟ್ಟದೂರು

ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ಬೆಟ್ಟಗಳ ತಪ್ಪಲಲ್ಲಿ ಓಬರಾಮೆರ್ಗೌ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 5,000. 1633ರಲ್ಲಿ ಪ್ಲೇಗ್ ಹಬ್ಬಿ ಮನೆಮನೆಯಲ್ಲೂ ಸಾವಿನ ಭಯ ತುಂಬಿದಾಗ ಊರವರು ಸೇರಿ ದೇವರಿಗೆ ಹರಕೆ ಹೊತ್ತರು: ಹತ್ತು ವರ್ಷಕ್ಕೊಮ್ಮೆ ಯೇಸುಸ್ವಾಮಿಯ ಯಾತನೆ ಮತ್ತು ಮರಣದ ನಾಟಕವಾಡುವುದು. 1634ರಲ್ಲಿ ಮೊದಲ ಪ್ರದರ್ಶನ ನಡೆಯಿತು. ಕೋವಿಡ್‌ನಿಂದಾಗಿ 2020ರ ಪ್ರದರ್ಶನ 2022ಕ್ಕೆ ಮುಂದೂಡಲ್ಪಟ್ಟಿತು. ಹರಕೆ ಮಾತ್ರ ತಪ್ಪಲಿಲ್ಲ.

ಇಲ್ಲಿ ಹೊರಗಿನ ನಟರಿಲ್ಲ. ಆ ಊರಲ್ಲಿ ಹುಟ್ಟಿದವರು ಅಥವಾ 20 ವರ್ಷ ನೆಲೆಸಿದವರೇ ಪಾತ್ರ ವಹಿಸಬೇಕು. ಮಕ್ಕಳಿಂದ ಮುದುಕರವರೆಗೆ ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸುತ್ತಾರೆ. ಹಿಂದಿನ ವರ್ಷದ ಬೂದಿ ಬುಧವಾರದಿಂದಲೇ ಕೂದಲು, ಗಡ್ಡ ಬೆಳೆಸುತ್ತಾರೆ. ಅಂಗಡಿಯಲ್ಲಿ, ಶಾಲೆಯಲ್ಲಿ, ದಾರಿಯಲ್ಲಿ ಅವರು ಪರಸ್ಪರರನ್ನು ಆ ಗುರುತಿನಿಂದಲೇ ಕಾಣುತ್ತಾರೆ.

ಆದರೆ ಒಗ್ಗಟ್ಟಿನ ಹೆಸರಲ್ಲಿ ಕೆಲವರು ಹೊರಗುಳಿದದ್ದೂ ಉಂಟು. ವಿವಾಹಿತ ಸ್ತ್ರೀಯರಿಗೆ 1990ರವರೆಗೆ ಅವಕಾಶವಿರಲಿಲ್ಲ. ಅವರು ನ್ಯಾಯಾಲಯದ ಮೂಲಕವೇ ಹಕ್ಕು ಪಡೆದರು. ಹಳೆಯ ಸಂಭಾಷಣೆ ಯೇಸುವಿನ ಮರಣದ ದೋಷವನ್ನು ಇಡೀ ಯೆಹೂದ್ಯರ ಮೇಲೆ ಹೊರಿಸುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಆರೋಪವನ್ನು ತಿರಸ್ಕರಿಸಿತು. ಮುಂದೆ ನಾಟಕವೂ ತಿದ್ದಲ್ಪಟ್ಟಿತು. 2022ರಲ್ಲಿ ಅದೇ ಊರಿನ ಮುಸ್ಲಿಮ್ ಯುವಕರೊಬ್ಬರು ಯೂದನ ಪಾತ್ರ ವಹಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲೂ ವಾಳೆಗಳಿವೆ, ಗುರಿಕಾರರಿದ್ದಾರೆ, ಶಿಲುಬೆಯ ಹಾದಿಯಿದೆ. ಕೆಲಸ ಹಂಚುವಾಗ ನಾವು ಕರೆಯುವುದು ಪ್ರತಿ ವರ್ಷ ಅದೇ ನಾಲ್ಕು ಮಂದಿಯನ್ನೇ? ಬಾಡಿಗೆ ಮನೆಗೆ ಬಂದ ಹೊಸ ಕುಟುಂಬಕ್ಕೆ, ಮೌನವಾಗಿ ಹಿಂದಿನ ಬೆಂಚಿನಲ್ಲಿ ಕೂರುವ ವಿಧವೆಗೆ ಒಂದು ಹೊಣೆ ಕೊಟ್ಟು ನೋಡೋಣ. ಹೊಣೆ ಹೊತ್ತವರಿಗೆ ಊರು ತಮ್ಮದಾಗುತ್ತದೆ.