ಟಿ ಕೋಶಗಳ ಯಾದವೀ ಕಲಹ

"ಮಾಮ, ಯಾವ ಸೆಲ್ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಔಷಧಿಗೆ ಹೆಂಗೆ ಗೊತ್ತಾಗತ್ತೆ?"

ಅಕ್ಕನ ಮಗ ಇದನ್ನು ಕೇಳಿದಾಗ ಅವನಿಗೆ ಒಂಬತ್ತು ವರ್ಷ. ತಲೆಯಲ್ಲಿ ಒಂದೂ ಕೂದಲಿರಲಿಲ್ಲ. ರಕ್ತದ ಕ್ಯಾನ್ಸರ್, ಅದರಲ್ಲೂ ಟಿ ಕೋಶಗಳದ್ದು. ಕೀಮೋದಲ್ಲೇ ವಾಸಿಯಾಯ್ತು, ಈಗ ಸ್ಕೂಲು, ಕ್ರಿಕೆಟ್ಟು ಎಲ್ಲಾ ಇದೆ. ಆದರೂ ಪ್ರತಿ ಸಲ ರಕ್ತದ ರಿಪೋರ್ಟ್ ವಾಟ್ಸಾಪಿಗೆ ಬರೋವರೆಗೂ ಮನೇಲಿ ಯಾರಿಗೂ ಊಟ ಇಳಿಯೋದಿಲ್ಲ. ಮತ್ತೆ ಬಂದರೆ ಏನು ಗತಿ ಅನ್ನೋದನ್ನು ನಾವ್ಯಾರೂ ಬಾಯಿಬಿಟ್ಟು ಆಡಿಲ್ಲ. ನಾನು ಮಾತ್ರ ರಾತ್ರಿ ಹೊತ್ತು ಫೋನಿನಲ್ಲಿ ಹುಡುಕುತ್ತಿದ್ದೆ. ಹಾಗೆ ಸಿಕ್ಕ ಹೆಸರು ವಸೀಮ್ ಕಾಸಿಂ.

ಇವರು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಪ್ರೊಫೆಸರ್. ಕಾರ್-ಟಿ ಚಿಕಿತ್ಸೆ ಬಗ್ಗೆ ನೀವು ಕೇಳಿರಬಹುದು. ರೋಗಿಯ ಟಿ ಕೋಶಗಳನ್ನು, ಅಂದರೆ ರಕ್ತದಲ್ಲಿರುವ ಕಾವಲುಗಾರರನ್ನು, ಹೊರತೆಗೆದು, ಕ್ಯಾನ್ಸರ್ ಕೋಶದ ಗುರುತು ಹಿಡಿಯೋದನ್ನು ಕಲಿಸಿ ಮತ್ತೆ ಒಳಗೆ ಬಿಡುತ್ತಾರೆ. ಆದರೆ ಕೀಮೋದಲ್ಲಿ ನಲುಗಿದ ಪುಟ್ಟ ಮಗುವಿನಲ್ಲಿ ತೆಗೆಯೋಕೆ ಒಳ್ಳೆ ಟಿ ಕೋಶಗಳೇ ಉಳಿದಿರೋದಿಲ್ಲವಲ್ಲ? ಬೇರೆಯವರದ್ದು ಹಾಕಿದರೆ ಅವು ಮಗುವಿನ ಮೈಯನ್ನೇ ಶತ್ರು ಅಂದುಕೊಳ್ಳುತ್ತವೆ. ಕಾಸಿಂ ತಂಡ ದಾನಿಯ ಕೋಶಗಳಲ್ಲಿ ಆ ಹಗೆತನದ ಜೀನನ್ನೇ 'ಟಾಲೆನ್' ಎಂಬ ಜೀನ್ ಕತ್ತರಿಯಿಂದ ಕತ್ತರಿಸಿತು. 2015ರಲ್ಲಿ ಒಂದು ವರ್ಷದ ಹೆಣ್ಣುಮಗುವಿಗೆ ಅಂಥ ಕೋಶಗಳನ್ನು ಕೊಟ್ಟರು. ಪ್ರಮಾಣ ಎಷ್ಟು ಗೊತ್ತಾ? 1 ಮಿಲಿಲೀಟರ್. ಮಗು ಚೇತರಿಸಿಕೊಂಡಿತು.

ಆ ಮಗುವಿಗಿದ್ದದ್ದು ಬಿ ಕೋಶಗಳ ಕ್ಯಾನ್ಸರ್. ನಮ್ಮ ಹುಡುಗನದ್ದು ಟಿ. ಕಷ್ಟ ಇರೋದೇ ಇಲ್ಲಿ. ಟಿ ಕ್ಯಾನ್ಸರ್ ಕೋಶದ ಮೇಲೆ 'ಸಿಡಿ7' ಅನ್ನೋ ಗುರುತಿರುತ್ತೆ, ಅದನ್ನು ಹಿಡಿದು ಹೊಡೆಯಬಹುದು. ಆದರೆ ಹೊಡೆಯೋಕೆ ಕಳಿಸಿದ ಸೈನಿಕರೂ ಟಿ ಕೋಶಗಳೇ, ಅವುಗಳ ಮೈಮೇಲೂ ಅದೇ ಗುರುತು. ಕ್ಯಾನ್ಸರ್ ಹತ್ತಿರ ಹೋಗೋ ಮೊದಲೇ ಒಂದನ್ನೊಂದು ಕೊಂದುಕೊಳ್ಳುತ್ತವೆ. ಥೇಟ್ ಯಾದವೀ ಕಲಹ!

ಪರಿಹಾರ ಹೇಳೋಕೆ ಸುಲಭ: ಸೈನಿಕರ ಮೈಮೇಲಿನ ಸಿಡಿ7 ತೆಗೆದುಬಿಡಿ. ಹಗೆತನದ ಜೀನೂ ಹೋಗಬೇಕು. ದಾನಿಯ ಕೋಶಗಳನ್ನು ರೋಗಿಯ ದೇಹ ಹೊರಹಾಕದಿರಲಿ ಅಂತ ಕೊಡುವ ಔಷಧಿಯಿಂದ ಇವೇ ಸಾಯಬಾರದು, ಅದಕ್ಕೆ ಇನ್ನೊಂದು ಗುರುತನ್ನೂ ಅಳಿಸಬೇಕು. ಒಟ್ಟು ಮೂರು ಕಡೆ. ಮೂರು ಕಡೆ ಕತ್ತರಿ ಆಡಿಸಿದರೆ ತುಂಡಾದ ತುದಿಗಳು ಅದಲುಬದಲಾಗಿ ಅಂಟಿಕೊಳ್ಳುವ ಭಯ. ಆಗ ನೆರವಿಗೆ ಬಂದದ್ದು ಹಾರ್ವರ್ಡಿನ ಡೇವಿಡ್ ಲಿಯು ತಂಡ 2016ರಲ್ಲಿ ಪ್ರಕಟಿಸಿದ 'ಬೇಸ್ ಎಡಿಟಿಂಗ್'. ಇದು ಡಿಎನ್‌ಎ ಎಳೆಗಳನ್ನು ಎರಡು ತುಂಡು ಮಾಡದೆ ಒಂದೇ ಒಂದು ಅಕ್ಷರ ತಿದ್ದುತ್ತೆ. ಸರಿಯಾದ ಜಾಗದಲ್ಲಿ ಒಂದಕ್ಷರ ತಿದ್ದಿದರೆ ಸಾಕು, ಆ ಜೀನ್ ಮೂಕವಾಗುತ್ತೆ.

2022ರ ಮೇ ತಿಂಗಳಲ್ಲಿ ಲೆಸ್ಟರ್ ಊರಿನ 13 ವರ್ಷದ ಹುಡುಗಿಗೆ ಈ ಕೋಶಗಳನ್ನು ಕೊಟ್ಟರು. ಕೀಮೋ ಫಲಿಸಿರಲಿಲ್ಲ, ಅಸ್ಥಿಮಜ್ಜೆ ಕಸಿಯೂ ಕೈಕೊಟ್ಟಿತ್ತು. 28 ದಿನದಲ್ಲಿ ಕ್ಯಾನ್ಸರ್ ಕಾಣದ ಹಾಗಾಯ್ತು, ಆಮೇಲೆ ಎರಡನೇ ಕಸಿ.

ಪತ್ರಿಕೆಗಳೆಲ್ಲ 'ಪವಾಡ' ಅಂದವು. ನನಗೆ ಆ ಪದ ಇಷ್ಟವಾಗಲಿಲ್ಲ. ಯಾಕಂದರೆ ಈ ಕೋಶಗಳಿಗೆ ಒಳ್ಳೇದು ಕೆಟ್ಟದ್ದು ಗೊತ್ತೇ ಆಗಲ್ಲ! ಸಿಡಿ7 ಕಂಡರೆ ಸಾಕು, ರೋಗಿಯ ಆರೋಗ್ಯವಂತ ಟಿ ಕೋಶಗಳನ್ನೂ ಸೇರಿಸಿ ಎಲ್ಲವನ್ನೂ ಕೊಲ್ಲುತ್ತವೆ. ಅದಕ್ಕೇ ಹಿಂದೆಯೇ ಹೊಸ ಅಸ್ಥಿಮಜ್ಜೆ ಬೇಕಾಗೋದು. ನಡುವಿನ ದಿನಗಳಲ್ಲಿ ಮೈಗೆ ಕಾವಲೇ ಇರಲ್ಲ. 2023ರಲ್ಲಿ ವರದಿಯಾದ ಮೊದಲ ಮೂವರಲ್ಲಿ ಒಬ್ಬರು ಶಿಲೀಂಧ್ರ ಸೋಂಕಿನಿಂದ ತೀರಿಕೊಂಡರು. ಇದನ್ನು ಓದಿದ ರಾತ್ರಿ ನಾನು ಫೋನ್ ಪಕ್ಕಕ್ಕಿಟ್ಟು ಬಹಳ ಹೊತ್ತು ಎದ್ದೇ ಇದ್ದೆ.

2025ರ ಡಿಸೆಂಬರಿನಲ್ಲಿ ಮುಂದಿನ ಲೆಕ್ಕ ಬಂತು. 11 ಜನರಲ್ಲಿ 9 ಮಂದಿಗೆ ಕ್ಯಾನ್ಸರ್ ಪತ್ತೆಯೇ ಆಗದಷ್ಟು ಇಳಿದು ಕಸಿಗೆ ದಾರಿಯಾಯ್ತು, 7 ಮಂದಿ ರೋಗವಿಲ್ಲದೆ ಇದ್ದಾರೆ. ಬೇರೆ ಯಾವ ಚಿಕಿತ್ಸೆಗೂ ಬಗ್ಗದಿದ್ದವರಲ್ಲಿ ಈ ಲೆಕ್ಕ. ನಮ್ಮ ದೇಶದಲ್ಲೂ ಐಐಟಿ ಬಾಂಬೆಯಲ್ಲಿ ಹುಟ್ಟಿದ 'ನೆಕ್ಸ್‌ಕಾರ್19' ಎಂಬ ಕಾರ್-ಟಿಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಅದು ಬಿ ಕೋಶಗಳ ಕ್ಯಾನ್ಸರಿಗೆ. ನಮ್ಮ ಮನೆಯ ರೋಗಕ್ಕಲ್ಲ.

ನಮ್ಮ ಹುಡುಗನಿಗೆ ಈಗ ಹದಿಮೂರು. ಅವನ ಹಳೇ ಪ್ರಶ್ನೆಗೆ ಉತ್ತರ ಬಾಕಿ ಇತ್ತಲ್ಲ, ಮೊನ್ನೆ ಇದಿಷ್ಟನ್ನೂ ಹೇಳಿದೆ. ಒಬ್ಬರು ತೀರಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಅಕ್ಕ ಅಡುಗೆಮನೆಯಿಂದ ಕಣ್ಣಲ್ಲೇ ಗದರಿದಳು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಆಮೇಲೆ ಸ್ಕೂಲಿಗೆ ಹೋದ್ಲಾ?" ಅಂದ.

ಹೋದಳು ಕಣೋ, ಈಗ ತಾನೂ ವಿಜ್ಞಾನಿ ಆಗ್ಬೇಕು ಅಂತಿದ್ದಾಳಂತೆ ಅಂದೆ. "ಲೆಕ್ಕ ಕಷ್ಟ ಆಗತ್ತೆ ಅವ್ಳಿಗೆ" ಅಂತ ಬ್ಯಾಟ್ ಎತ್ಕೊಂಡು ಹೊರಟ.